ನಲವತ್ತೊಂದನೆಯ ಚೀಟಿ

ಸ್ತನ ಕ್ಯಾನ್ಸರ್ ತಪಾಸಣೆಯ ಗಾಡಿ ಬೆಂಗೇರಿಯ ಶಾಲೆಯ ಅಂಗಳಕ್ಕೆ ಬರುವುದು ಮನೆಗೆಲಸದ, ಕಸಗುಡಿಸುವ ಹೆಂಗಸರಿಗಾಗಿ ಎಂದು ಆಸ್ಪತ್ರೆಯವರು ಬಿಡಿಸಿ ಹೇಳಿದ್ದರು. ಪೂರಾ ಪುಕ್ಕಟೆ, ಆದರೆ ನಲವತ್ತೇ ಮಂದಿ. ಚೀಟಿ ಹಂಚುವ ಕೆಲಸವನ್ನು ಚರ್ಚಿನ ಮಹಿಳಾ ಸಂಘದ ಕಾರ್ಯದರ್ಶಿ, ನಿವೃತ್ತ ಶಿಕ್ಷಕಿ ದಯಾವತಿಯವರಿಗೆ ಒಪ್ಪಿಸಿದರು. ಅಲ್ಲೇ ಎಡವಟ್ಟಾಯಿತು ನೋಡಿ.

ಭಾನುವಾರ ಆರಾಧನೆ ಮುಗಿದು ಮಂದಿ ಬಾಗಿಲಲ್ಲಿ ಮಾತಾಡುತ್ತ ನಿಂತಾಗ ನಾದಿನಿ ಒಂದು ಚೀಟಿ ಕೇಳಿದಳು. ತಂಗಿಯ ಮಗಳು, ಬ್ಯಾಂಕಿನಲ್ಲಿರುವ ಜೆಸ್ಲಿನ್ ಕೇಳಿದಳು. ಆಮೇಲೆ ಸಾಲೇ ಹತ್ತಿತು. ಇಲ್ಲ ಅನ್ನುವುದು ಹೇಗೆ? ವಾರವಾರ ಇವರ ಮುಖವನ್ನೇ ನೋಡಬೇಕಲ್ಲ. 'ಮಾದರಿಗೆ ನೀವೇ ಮೊದಲು ಹೋಗಬೇಕು' ಎಂದು ಯಾರೋ ಅಂದದ್ದೇ ತಡ, ಒಂದನೇ ನಂಬರು ದಯಾವತಿಯವರ ಪರ್ಸು ಸೇರಿತು. ಬೇಕೆಂದಾಗ ದುಡ್ಡು ಕೊಟ್ಟು ತೋರಿಸಿಕೊಳ್ಳಲು ಪಿಂಚಣಿಯಿದ್ದ ಹೆಂಗಸು ಆಕೆ. ಸಂಜೆಗೆ ಒಂದೂ ಚೀಟಿ ಉಳಿಯಲಿಲ್ಲ.

ಮರುದಿನ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಉಡಚವ್ವ ಕೈ ತೊಳೆದುಕೊಂಡು ಹತ್ತಿರ ಬಂದಳು. ಹನ್ನೆರಡು ವರ್ಷದಿಂದ ಈ ಮನೆಯ ಕೆಲಸ ಅವಳದೇ.

"ಅಕ್ಕಾರ, ಎಡಗಡಿ ಎದ್ಯಾಗ ಏನೋ ಗಂಟು ಕೈಗೆ ಹತ್ತತೈತ್ರಿ. ಯಾರ ಮುಂದೂ ಹೇಳಿಲ್ರಿ. ಆ ಗಾಡ್ಯಾಗ ನನಗೂ ಒಂದ್ ಪಾಳಿ ಹಚ್ಚಿಕೊಡ್ರಿ."

ಚೀಟಿ ತೀರಿವೆ ಎನ್ನಲು ದಯಾವತಿಯವರಿಗೆ ನಾಲಿಗೆ ಏಳಲಿಲ್ಲ. ನೋಟುಬುಕ್ಕಿನ ಹಾಳೆ ಹರಿದು ನಲವತ್ತೊಂದು ಎಂದು ಬರೆದು, ಸಹಿ ಜಡಿದು ಕೊಟ್ಟರು. ನಲವತ್ತರಲ್ಲಿ ಒಬ್ಬರಾದರೂ ತಪ್ಪಿಸಿಯಾರು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಪುಕ್ಕಟೆ ಸಿಗುವುದನ್ನು ಯಾರು ತಪ್ಪಿಸುತ್ತಾರೆ? ಬುಧವಾರ ಎಲ್ಲರೂ ಇಸ್ತ್ರಿ ಸೀರೆ ಉಟ್ಟುಕೊಂಡು ಹಾಜರು. ಉಡಚವ್ವ ಕೆಲಸಕ್ಕೆ ರಜೆ ಹಾಕಿ ಬಂದು ಬೇವಿನ ಮರದ ಕೆಳಗೆ ಕುಳಿತಳು. ಮಧ್ಯಾಹ್ನ ದಾಟಿತು, ಮೂರಾಯಿತು. ನರ್ಸು ಪ್ರತಿ ಸಲ ನಂಬರು ಕೂಗಿದಾಗಲೂ ಅವಳು ಕತ್ತು ಎತ್ತುತ್ತಿದ್ದಳು. ದಯಾವತಿಯವರಿಗೆ ಆ ಕಡೆ ನೋಡಲಾಗಲಿಲ್ಲ. ಬೇಡದ ಕುರ್ಚಿಗಳನ್ನು ಸರಿಸುತ್ತ ಕಾಲ ತಳ್ಳಿದರು.

ನಾಲ್ಕಕ್ಕೆ ಡಾಕ್ಟರು ಕರುಣಾ ಹೊರಗೆ ಬಂದರು. "ಇನ್ನೊಬ್ಬರನ್ನಷ್ಟ ನೋಡತೀನ್ರಿ. ಆಮ್ಯಾಲೆ ಗಾಡಿ ಧಾರವಾಡಕ್ಕ ಹೋಗಬೇಕು."

ಉಳಿದದ್ದು ಬ್ಯಾಂಕಿನಿಂದ ತಡವಾಗಿ ಬಂದಿದ್ದ ಜೆಸ್ಲಿನ್‌ಳ ನಂಬರೊಂದೇ. ಉಡಚವ್ವ ಎದ್ದು ಸೆರಗು ಕೊಡವಿದಳು. ಗಾಡಿ ಮತ್ತೆ ಬರುವುದು ಬರುವ ವರ್ಷ. ದಯಾವತಿಯವರ ಮುಖ ಕಾವಲಿಯಂತೆ ಸುಟ್ಟಿತು. ಜೆಸ್ಲಿನ್‌ಳನ್ನು ಗೋಡೆಯ ಮರೆಗೆ ಕರೆದೊಯ್ದರು.

"ನಿನ್ನ ಚೀಟಿ ಉಡಚವ್ವಗ ಕೊಡವಾ. ಆಕೀಗೆ ಗಂಟು ಐತಿ."

"ಮೊದಲ ಹೇಳಬಾರದೇನ್ರಿ ದೊಡ್ಡಮ್ಮ?" ಎನ್ನುತ್ತ ಜೆಸ್ಲಿನ್ ಚೀಟಿ ಕೊಟ್ಟೇಬಿಟ್ಟಳು. ಕೇಳಿದ್ದರೆ ಎರಡು ದಿನದ ಹಿಂದೆಯೇ ಕೊಡುತ್ತಿದ್ದಳು. ಅದು ಇನ್ನಷ್ಟು ಚುಚ್ಚಿತು.

ಅಷ್ಟಾದರೂ ಮಾನ ಬಿಡಲಾಗಲಿಲ್ಲ ಈ ಹೆಂಗಸಿಗೆ. "ಒಬ್ಬರು ಬರಲಿಲ್ಲ ನೋಡು, ನಿನ್ನ ಪಾಳಿ ಬಂತು" ಎಂದು ಉಡಚವ್ವನನ್ನು ಒಳಗೆ ಕಳಿಸಿದರು.

ಅರ್ಧ ತಾಸಿಗೆ ಉಡಚವ್ವ ಒಂದು ಕಾಗದ ಹಿಡಿದು ಹೊರಬಂದಳು. ಶುಕ್ರವಾರ ದೊಡ್ಡ ದವಾಖಾನೆಗೆ ಹೋಗಬೇಕು, ಸೂಜಿ ಹಾಕಿ ನೋಡುತ್ತಾರೆ, ಒಂದು ದಿನವೂ ತಡ ಮಾಡಬಾರದು. ದಯಾವತಿಯವರು ಮೆಟ್ಟಿಲ ಮೇಲೆ ಕುಳಿತರು.

"ಉಡಚವ್ವ, ನಾ ಸುಳ್ಳ ಹೇಳಿದೆ. ಚೀಟಿ ಎಲ್ಲಾ ನಮ್ಮ ಮಂದಿಗೇ ಕೊಟ್ಟಿದ್ದೆ. ನಿನಗ ಕೊಟ್ಟಿದ್ದು ಖೊಟ್ಟಿ ಚೀಟಿ."

"ಗೊತ್ತೈತ್ರಿ ಅಕ್ಕಾರ. ಎಲ್ಲಾರ ಚೀಟಿ ಮ್ಯಾಲೂ ದವಾಖಾನಿ ಶಿಕ್ಕಾ ಇತ್ತು. ನಂದರ ಮ್ಯಾಲೆ ನಿಮ್ಮ ಸಹಿ ಅಷ್ಟ."

"ಮತ್ತ ಮುಂಜಾನಿಂದ ಯಾಕ ಕುಂತಿ?"

"ನಿಮ್ಮ ಸಹಿ ಇತ್ತಲ್ಲರಿ," ಎಂದಳು ಉಡಚವ್ವ.