ನಂಬರಿನ ಸುತ್ತ ಬಿಟ್ಟ ಜಾಗ

ಪ್ರತಿವರ್ಷ ದೀಪಾವಳಿಗೆ ಮುಂಚೆ ನಮ್ಮ ಮನೆಗೆ ಸುಣ್ಣ ಬಳಿಯುತ್ತಿದ್ದೆವು, ಪಡಸಾಲೆಯ ಗೋಡೆಯಲ್ಲಿ ಒಂದು ಮೊಳದಷ್ಟು ಜಾಗ ಬಿಟ್ಟು. ಅಲ್ಲಿ ಕೆಂಪು ಬಣ್ಣದಲ್ಲಿ 214 ಎಂದು ಬರೆದಿತ್ತು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮನೆಗಳನ್ನು ಎಣಿಸಲು ಬಂದವರು, ನಾನು ಅಕ್ಷರ ಕಲಿಯುವುದಕ್ಕೆ ಮೊದಲೇ ಬರೆದು ಹೋದ ನಂಬರು ಅದು. ಅದು ಅಳಿಸಿದರೆ ನಮ್ಮ ಮನೆ ಪರಿಹಾರದ ಲೆಕ್ಕಕ್ಕೇ ಬರುವುದಿಲ್ಲ ಎಂದು ಅಪ್ಪ ನಂಬಿದ್ದ. ಕಾರ ಹುಣ್ಣಿಮೆಯ ದಿನ ಎತ್ತುಗಳ ಕೋಡಿಗೆ ಬಳಿದು ಉಳಿದ ಬಣ್ಣವನ್ನು ತೆಂಗಿನ ಚಿಪ್ಪಿನಲ್ಲಿ ತಂದು, ಅದರ ಮೇಲೆ ಮತ್ತೆ ತಿದ್ದುತ್ತಿದ್ದ. ಸುತ್ತಲಿನ ಗೋಡೆ ವರ್ಷವರ್ಷದ ಸುಣ್ಣದಿಂದ ದಪ್ಪವಾಗುತ್ತ ಹೋಗಿ, ನಂಬರಿನ ಜಾಗ ತಗ್ಗಾಗಿತ್ತು. ಕಣ್ಣು ಮುಚ್ಚಿ ಕೈಯಾಡಿಸಿದರೂ ಅದರ ಅಂಚು ಸಿಗುತ್ತಿತ್ತು.

ಆ ನಂಬರು ಬಿದ್ದ ಮೇಲೆ ನಮ್ಮ ಮನೆಯಲ್ಲಿ ಹೊಸದೇನೂ ಆಗಲಿಲ್ಲ. ಅಡುಗೆಮನೆಯ ನೆಲಕ್ಕೆ ಗಚ್ಚು ಹಾಕಿಸಬೇಕೆಂದು ಅವ್ವ ಕೇಳಿದ್ದಳಂತೆ. "ಮುಳುಗೂ ಮನಿಗೆ ಯಾಕ?" ಅಂದನಂತೆ ಅಪ್ಪ. ಕಿಟಕಿಯ ಬಾಗಿಲು ಕಿತ್ತುಬಂದಾಗಲೂ ಅದೇ ಮಾತು. ಆಮೇಲೆ ಅವ್ವ ಕೇಳುವುದನ್ನು ಬಿಟ್ಟಳು, ಅಪ್ಪ ಹೇಳುವುದನ್ನು ಬಿಟ್ಟ. ನಾನು ಆ ಮೌನದಲ್ಲೇ ಬೆಳೆದೆ. ಎಂ.ಎ. ಮುಗಿಸಿ ಪದವಿಯ ಗೌನು ತೊಟ್ಟು ತೆಗೆಸಿಕೊಂಡ ಫೋಟೋಕ್ಕೆ ಕಟ್ಟು ಹಾಕಿಸಿ ತಂದಾಗ, ಅದನ್ನು ಜೋಳದ ಚೀಲಕ್ಕೆ ಒರಗಿಸಿಟ್ಟೆ. ಗೋಡೆಗೆ ಮೊಳೆ ಹೊಡೆಯಬೇಕೆಂದು ನನಗೂ ಹೊಳೆಯಲಿಲ್ಲ. ಚೀಲ ಖಾಲಿಯಾದಾಗ ಫೋಟೋ ಇನ್ನೊಂದು ಚೀಲಕ್ಕೆ ಒರಗಿತು.

ಪ್ರತಿಮಾ ರಬಕವಿಯ ನೇಕಾರರ ಮನೆಯವಳು. ನನ್ನನ್ನು ಮದುವೆಯಾಗಿ ಬಂದವಳು ಕೆಲವು ದಿನ ಮನೆಯನ್ನು ಸುಮ್ಮನೆ ನೋಡಿದಳು. ಒಂದು ದಿನ, ನಾನು ಜಮಖಂಡಿಯ ಕಾಲೇಜಿನಲ್ಲಿ ಪಾಠ ಮುಗಿಸಿಕೊಂಡು ಬಸ್ಸಿನಿಂದ ಇಳಿದು ಬಂದಾಗ ಕೇಳಿದಳು.

"ನೀರು ಯಾವಾಗ ಬರ್ತೈತ್ರಿ?"

"ಗೊತ್ತಿಲ್ಲ."

"ನಾಳೆ ಬರ್ತೈತೇನು?"

"ಇಲ್ಲ."

"ಹಂಗಾರ ನಾಳಿಗೊಂದು ಪಡದೆ ಬೇಕು."

ತನ್ನ ಅಣ್ಣನ ಮಗ್ಗದಲ್ಲಿ ನೇಯ್ಗೆಯ ಹೊಡೆತ ತಪ್ಪಿ ಮಾರಾಟವಾಗದೆ ಉಳಿದ ಎರಡು ಸೀರೆ ತರಿಸಿ ಕಿಟಕಿಗೆ ಪರದೆ ಹೊಲಿದಳು. ಕಟ್ಟಲು ಹಳೆಯ ಗೂಟಗಳೇ ಸಾಕಾದವು. ನೂಲು ಸುತ್ತಿ ಬರುವ ಖಾಲಿ ಕಾಗದದ ಕೋನುಗಳನ್ನು ತಂತಿಯಲ್ಲಿ ಪೋಣಿಸಿ ತೊಲೆಗೆ ಇಳಿಬಿಟ್ಟು, ನಡುವೆ ಬಲ್ಬು ಹಾಕಿದಳು. ಎಣ್ಣೆ ಡಬ್ಬಿಗಳಿಗೆ ಸೆಣಬಿನ ಹಗ್ಗ ಸುತ್ತಿ ತುಳಸಿ, ದೊಡ್ಡಪತ್ರೆ ನೆಟ್ಟಳು. ಅವ್ವನ ಮೊಣಕಾಲಿನ ಹಳೆಯ ಎಕ್ಸ್‌ರೇ ಹಾಳೆಯಲ್ಲಿ ಹೂವಿನ ಆಕಾರ ಕತ್ತರಿಸಿ, ಅದನ್ನು ಗೋಡೆಗೆ ಹಿಡಿದು ಅರಿವೆಯ ಉಂಡೆಯಿಂದ ಬಣ್ಣ ಒತ್ತಿದಳು. ಹಾಳೆ ತೆಗೆದರೆ ಗೋಡೆಯ ಮೇಲೆ ಚೆಂಡುಹೂವು.

"ನೋಡವಾ, ನನ್ನ ಮೊಣಕಾಲು ಏನ್ ಕೆಲಸಕ್ಕ ಬಂತು," ಎಂದಳು ಅವ್ವ. ಅವಳು ತಮಾಷೆ ಮಾಡಿದ್ದನ್ನು ಕೇಳಿ ಬಹಳ ದಿನವಾಗಿತ್ತು.

ಪಡಸಾಲೆಗೆ ಸುಣ್ಣ ಕಲಸುವಾಗ ಅಪ್ಪ ಬಂದು ನಿಂತ.

"ನಂಬರ್ ಮುಟ್ಟಬ್ಯಾಡವಾ."

"ಇಲ್ರಿ ಮಾವ. ಮುಟ್ಟಂಗಿಲ್ಲ."

ಅವಳು ಮುಟ್ಟಲಿಲ್ಲ. ಸುಣ್ಣಕ್ಕೆ ಬಣ್ಣ ಬೆರೆಸಿ ಗೋಡೆಯೆಲ್ಲ ತಿಳಿ ಹಳದಿ ಬಳಿದು, ನಂಬರಿನ ಜಾಗದ ಸುತ್ತ ಸಾಲಾಗಿ ಚೆಂಡುಹೂವು ಒತ್ತಿದಳು. ಹೊಲದಿಂದ ಬಂದ ಅಪ್ಪ ಕೈಕಾಲು ತೊಳೆಯದೆ ಅದನ್ನೇ ನೋಡುತ್ತ ನಿಂತ. ಎಷ್ಟೋ ವರ್ಷ ಗೋಡೆಯ ಒಂದು ಕಲೆಯಂತಿದ್ದ ನಂಬರು ಈಗ ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುತ್ತಿತ್ತು.

ಪಕ್ಕದ ಮನೆಯ ಲಗಮಪ್ಪ ಕಾಕಾ ಹೆಗಲ ಮೇಲಿನ ಕಂಬಳಿ ತೆಗೆಯದೆ ಹೊಸ್ತಿಲಲ್ಲೇ ನಿಂತು ನಕ್ಕ.

"ಏನೋ ಭೀಮಪ್ಪ, ಹೊಸಾ ದೇವ್ರು? ದಿನಾ ಊದಿನಕಡ್ಡಿ ಹಚ್ತೀಯೋ, ಅಮಾಸಿಗಷ್ಟ ಕಾಯಿ ಒಡೀತೀಯೋ?"

"ಸುಮ್ನ ಚಾ ಕುಡದು ಹೋಗಲೇ," ಎಂದ ಅಪ್ಪ.

ಅವತ್ತು ರಾತ್ರಿ ಪ್ರತಿಮಾ ಒಳಗೆ ಬಂದು ನನ್ನ ಪಕ್ಕ ಕೂತಳು. ಉಗುರಿನ ಸಂದಿಯ ಬಣ್ಣ ಕೆರೆಯುತ್ತ ಕೇಳಿದಳು.

"ಈ ಮನ್ಯಾಗ ನಾ ಇರಾಕ ಬಂದೇನೋ, ಹೋಗಾಕ ಬಂದೇನೋ? ಅದೊಂದು ಹೇಳ್ರಿ."

ಆ ಪ್ರಶ್ನೆಯನ್ನು ಈ ಮನೆಯಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ.

"ನಾಲ್ಕು ಗ್ವಾಡಿಗೆ ಬಣ್ಣ ಬಳದು, ಆ ನಂಬರ್ ಮುಂದ ಕುಂತು ಊಟಾ ಮಾಡೂದು ನನಗ ಆಗವಲ್ದು. ರಬಕವ್ಯಾಗ ಒಂದು ಖೋಲಿ ಹಿಡೀರಿ. ಬಾಡಗಿ ಮನಿ ಆದ್ರೂ ಅಲ್ಲೊಂದು ಮೊಳಿ ಹೊಡೀಬಹುದು."

"ಅಪ್ಪ, ಅವ್ವ?"

"ನಾ ಅವ್ರನ್ನ ಬಿಡ್ರಿ ಅಂದಿಲ್ಲ. ಪಂಚಮಿಗೆ ತವರಿಗೆ ಹೊಕ್ಕೇನಿ. ಅಷ್ಟರಾಗ ವಿಚಾರ ಮಾಡ್ರಿ."

ಅದಾದ ಕೆಲವು ದಿನಕ್ಕೆ ಊರಿಗೆ ಮತ್ತೆ ಸರ್ವೇದವರು ಬಂದರು. ನಮ್ಮ ಮನೆಗೆ ಬಂದವನು ನನಗಿಂತ ಸಣ್ಣವನು, ಕೈಯಲ್ಲೊಂದು ಟ್ಯಾಬು. ಹೊರಗೆ ನಿಂತು ಫೋಟೋ ತೆಗೆದುಕೊಂಡು, ಅವ್ವ ಕೊಟ್ಟ ನೀರು ಕುಡಿಯಲು ಒಳಗೆ ಬಂದ. ಬಂದವನ ಕಣ್ಣು ಗೋಡೆಗೆ ಬಿತ್ತು.

"ಇದೇನ್ರಿ, ಹೂವಿನ ನಡುವ ನಂಬರು?"

"ನಮ್ಮ ಮನಿ ನಂಬರ್ರಿ ಸಾಹೇಬ್ರ," ಎಂದು ಅಪ್ಪ ಎದ್ದು ನಿಂತ. "ನಿಮ್ಮವ್ರ ಬರದದ್ದು. ಒಂದು ಅಕ್ಷರ ಹೋಗದಂಗ ಇಟ್ಟೇನಿ."

ಹುಡುಗ ಹತ್ತಿರ ಹೋಗಿ ನೋಡಿದ. ನಗಲಿಲ್ಲ, ಅದಕ್ಕಾಗಿ ಅವನ ಮೇಲೆ ನನಗೆ ಈಗಲೂ ಗೌರವವಿದೆ.

"ಇದು ಹಿಂದಿನ ಸರ್ವೇದ್ರಿ ಯಜಮಾನ್ರ. ಆಮ್ಯಾಲ ಬ್ಯಾರೆ ಸರ್ವೇ ಆತು. ಈ ನಂಬರ್ ಈಗ ನಡೆಯಂಗಿಲ್ಲ. ನಿಮ್ಮ ಮನಿ ಇದರಾಗ ಐತಿ, ಚಿಂತಿ ಮಾಡಬ್ಯಾಡ್ರಿ." ಟ್ಯಾಬನ್ನು ಸ್ವಲ್ಪ ಎತ್ತಿ ತೋರಿಸಿದ.

"ಯಾವಾಗಿಂದ ನಡೆಯಂಗಿಲ್ಲ?"

"ನಾ ಕೆಲಸಕ್ಕ ಸೇರೂಕಿನ್ನ ಮೊದಲಿಂದ್ರಿ."

"ಅಳಿಸಿದ್ರ ಏನೂ ಆಗಂಗಿಲ್ಲ?"

"ಅಳಸ್ರಿ. ಇಟ್ರೂ ನಡೀತೈತಿ."

ಮನೆ ಯಾವಾಗ ಮುಳುಗುತ್ತದೆ ಎಂದು ಅಪ್ಪ ಕೇಳಲಿಲ್ಲ. ಹುಡುಗ ಲೋಟ ಕೆಳಗಿಟ್ಟು ಹೋದ ಮೇಲೆ, ಗೋಡೆಗೆ ಬೆನ್ನು ಹಾಕಿ ಕೂತ. ಅದುವರೆಗೆ ಅಪ್ಪ ಯಾವಾಗಲೂ ನಂಬರಿಗೆ ಎದುರಾಗಿ ಕೂರುತ್ತಿದ್ದನೆಂಬುದು ನನಗೆ ಆಗಲೇ ಗೊತ್ತಾದದ್ದು.

"ಈಗರ ಸುಣ್ಣಾ ಬಳದುಬಿಡವಾ," ಎಂದು ಅವ್ವ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು. ಪ್ರತಿಮಾ ತಲೆ ಅಲ್ಲಾಡಿಸಿದಳು.

"ಮಾವಾರು ಹೇಳ್ಲಿ ಅತ್ತಿ. ನಾ ಮುಟ್ಟಂಗಿಲ್ಲ ಅಂದೇನಿ."

ಅಪ್ಪ ಹೇಳಲಿಲ್ಲ. ಕಬ್ಬಿಗೆ ನೀರು ಬಿಡಲು ಹೋದ, ಬಂದ, ಉಂಡ, ಮಲಗಿದ. ಪ್ರತಿಮಾ ಮತ್ತೆ ಹೊಸದೇನನ್ನೂ ಮಾಡಲಿಲ್ಲ. ಅರ್ಧ ಹಗ್ಗ ಸುತ್ತಿದ ಡಬ್ಬಿಯೊಂದು ಹಿತ್ತಲಲ್ಲಿ ಹಾಗೇ ಬಿದ್ದಿತ್ತು. ನಾನು ಬನಹಟ್ಟಿಯ ಗೆಳೆಯನಿಗೆ ಫೋನು ಮಾಡಿ, ರಬಕವಿಯ ಕಡೆ ಖೋಲಿಗಳ ಬಾಡಿಗೆ ವಿಚಾರಿಸಿದೆ. ವಿಚಾರಿಸಿದೆನೆಂದು ಯಾರಿಗೂ ಹೇಳಲಿಲ್ಲ. ದಣಿವೂ ಒಬ್ಬರಿಂದ ಒಬ್ಬರಿಗೆ ಬರುತ್ತದೆಯೋ ಏನೋ. ಪ್ರತಿಮಾ ನನ್ನ ಹಾಗೆ ಕಾಣತೊಡಗಿದ್ದಳು.

ಕಾರ ಹುಣ್ಣಿಮೆ ಬಂತು. ಮಧ್ಯಾಹ್ನ ಎತ್ತುಗಳ ಮೈ ತೊಳೆದು, ಅಪ್ಪ ಕೋಡಿಗೆ ಕೆಂಪು ಬಣ್ಣ ಬಳಿದ. ಕೆಲಸ ಮುಗಿದ ಮೇಲೆ, ಉಳಿದ ಬಣ್ಣದ ಚಿಪ್ಪು ಹಿಡಿದು ರೂಢಿಯಂತೆ ಪಡಸಾಲೆಗೆ ಬಂದ. ನಂಬರಿನ ಮುಂದೆ ನಿಂತ. ಬೆರಳಿಂದ ಒಂದು ಹನಿ ಬಣ್ಣ ನೆಲಕ್ಕೆ ಬಿತ್ತು. ಹೋಳಿಗೆಯ ಹೂರಣ ರುಬ್ಬುತ್ತಿದ್ದ ಅವ್ವನ ಕೈ ನಿಂತಿತು.

"ಪ್ರತಿಮಾ, ಅವತ್ತಿಂದು ಸುಣ್ಣ ಉಳದೈತೇನವಾ?"

"ಐತ್ರಿ ಮಾವ. ಗಟ್ಟಿ ಆಗಿರಬೇಕು. ನೀರು ಹಾಕಿ ಕಲಸ್ತೇನಿ."

ಬಕೀಟು ತಂದಳು. ಬ್ರಷ್ಷನ್ನು ಅವಳ ಕೈಯಿಂದ ಅಪ್ಪನೇ ತೆಗೆದುಕೊಂಡ. ಹೂವಿಗೆ ತಾಗದಂತೆ, ಅಂಚಿನಿಂದ ಒಳಗೆ, ನಿಧಾನವಾಗಿ ಬಳಿದ. ಅಷ್ಟು ವರ್ಷ ತಿದ್ದಿದ ಕೆಂಪು ದಪ್ಪವಾಗಿತ್ತು. ಹಳದಿಯೊಳಗಿಂದ 214 ಇನ್ನೂ ಕಾಣುತ್ತಿತ್ತು.

"ಇನ್ನೊಂದು ಕೈ ಬೇಕು," ಎಂದ.

"ಒಣಗಲ್ರಿ. ನಾಳೆ ಹಚ್ಚೂಣು."

"ಹೂಂ. ನಾಳೆ."

ಬ್ರಷ್ಷು ತೊಳೆಯಲು ಹೋಗುವಾಗ ಜೋಳದ ಚೀಲದ ಹತ್ತಿರ ಸ್ವಲ್ಪ ತಡೆದ. "ಈ ಫೋಟೋ ಎಷ್ಟು ದಿನಾ ಹಿಂಗ ನೆಲಾ ಹಿಡದು ಕುಂದರ್ತೈತಿ? ಧೂಳು ತಿಂದೈತಿ," ಎಂದು ಯಾರನ್ನೂ ನೋಡದೆ ಹೇಳಿ ಹೊರಗೆ ಹೋದ.

ಪ್ರತಿಮಾ ನನ್ನ ಕಡೆ ನೋಡಿದಳು. ಖೋಲಿಯ ಮಾತು ಎತ್ತಲಿಲ್ಲ. ನಾನು ಮೊಳೆ ಹುಡುಕಲು ಎದ್ದೆ. ಗೂಡು, ಪೆಟ್ಟಿಗೆ, ಹಿತ್ತಲು, ಎಲ್ಲ ಕಡೆ ನೋಡಿದೆ. ನಮ್ಮ ಮನೆಯಲ್ಲಿ ಒಂದೂ ಮೊಳೆ ಇರಲಿಲ್ಲ. ಕೇಳಿ ತರಲು ಲಗಮಪ್ಪ ಕಾಕಾನ ಮನೆಗೆ ಹೋದೆ.