ಮರುಳಸಿದ್ದಪ್ಪನ ಕೊನೇ ಟ್ರಿಪ್ಪು

ಲಾರಿ ಒಂದು ಸಲ ಕೆಮ್ಮಿತು, ಎರಡು ಸಲ ಕುಪ್ಪಳಿಸಿತು, ಹೊಳಲ್ಕೆರೆ ರಸ್ತೆ ಬದಿಯ ಜಾಲಿ ಗಿಡದ ಪಕ್ಕಕ್ಕೆ ಹೋಗಿ ನಿಂತೇಬಿಟ್ಟಿತು. ಹಿಂದೆ ಕೂತಿದ್ದ ಭಜನೆಯವರ ತಾಳವೂ ಅರ್ಧಕ್ಕೇ ನಿಂತಿತು. ಹೂವಿನ ವಿಮಾನದಲ್ಲಿ ಕೂತಿದ್ದ ಮರುಳಸಿದ್ದಪ್ಪ ಮಾತ್ರ ಮುಂದಕ್ಕೆ ವಾಲಿ, ಹಣೆಯ ವಿಭೂತಿಯನ್ನೆಲ್ಲ ಸೇವಂತಿಗೆ ಹಾರಕ್ಕೆ ಒರೆಸಿ, ಮತ್ತೆ ಹಿಂದಕ್ಕೆ ಒರಗಿದ. ಅವರ ಪದ್ಧತಿಯಂತೆ ಹೆಣವನ್ನು ಬಿದಿರಿನ ವಿಮಾನ ಕಟ್ಟಿ ಕೂರಿಸಿಯೇ ಒಯ್ಯಬೇಕು. ಕನ್ನಡಕವಿಲ್ಲದಿದ್ದರೆ ಬೇರೆ ಯಾರೋ ಅನ್ನಿಸುತ್ತಾರೆ ಅಂತ ಹೆಂಡತಿ ಚಂದ್ರಕ್ಕ ಕನ್ನಡಕವನ್ನೂ ಹಾಕಿಸಿದ್ದಳು. ಹೀಗಾಗಿ ಲಾರಿ ರಿಪೇರಿ ಮೇಸ್ತ್ರಿಯಾಗಿದ್ದ ಅವನು ಮೇಲೆ ಕೂತು ಗಾಡಿ ಯಾಕೆ ನಿಂತಿತು ಅಂತ ನೋಡುತ್ತಿರುವ ಹಾಗೇ ಇತ್ತು.

"ಆಯ್ತಲ್ಲ!" ಹಿಂದೆಯೇ ಬರುತ್ತಿದ್ದ ಬಾಡಿಗೆ ವ್ಯಾನಿನಿಂದ ಮೂರ್ತಪ್ಪ ಇಳಿದ. ಚಂದ್ರಕ್ಕನ ಅಣ್ಣ. "ದುರ್ಗದ ಹತ್ರ ಒಂದು ಸಲ, ಇಲ್ಲೊಂದು ಸಲ. ಹಿರಿಯೂರಲ್ಲೇ ಹೇಳಿದ್ನೋ ಇಲ್ವೋ? ವ್ಯಾನು ಸುಮ್ನೆ ತಂದಿದೀನಾ? ಇಳಿಸ್ರಿ ಭಾವನ್ನ."

"ಯಾರೂ ಮುಟ್ಬ್ಯಾಡ್ರಿ," ಅಂದಳು ಚಂದ್ರಕ್ಕ.

"ಚಂದ್ರೀ, ಹೊತ್ತು ಮುಳುಗೋದ್ರೊಳಗೆ ಮಣ್ಣಾಗ್ಬೇಕು. ಊರಲ್ಲಿ ಅಯ್ನೋರು ಗುಣಿ ಹತ್ರ ಕಾಯ್ತಾ ಕುಂತಾರೆ."

"ಊರಿಗೆ ನನ್ನ ಲಾರೀಲೇ ಕರ್ಕಂಡು ಹೋಗು, ಬೇರೆ ಗಾಡಿಗೆ ಹಾಕಿದ್ರೆ ಎದ್ದು ನಡ್ಕಂಡು ಬರ್ತೀನಿ ಅಂದಿದ್ರು. ಎದ್ದು ನಡೆದ್ರೆ ನೀನು ಹಿಡಿತೀಯೇನಣ್ಣ?"

ಭಜನೆಯವರಲ್ಲಿ ಯಾರೋ ಕಿಸಕ್ಕನೆ ನಕ್ಕು, ಸಾವಿನ ಗಾಡಿ ಅನ್ನುವುದು ನೆನಪಾಗಿ ಕೆಮ್ಮಿದರು. ಮೂರ್ತಪ್ಪ ಎದುರಿನ ಟೀ ಅಂಗಡಿ ಕಡೆ ಕೈ ತೋರಿಸಿದ. "ಸರಿ. ಇವ್ರು ಟೀ ಕುಡಿದು ಬರೋವರ್ಗೂ ಟೈಮು. ಆಮೇಲೆ ವ್ಯಾನೇ. ನನ್ನ ಮಾತು ಕೊನೇದು."

ಡ್ರೈವರ್ ತಾಜುದ್ದೀನ್ ಆಗಲೇ ಇಂಜಿನ್ನಿಗೆ ತಲೆ ಹಾಕಿದ್ದ. ಈ ಲಾರಿಯಲ್ಲೇ ಅವನ ಗಡ್ಡ ಬೆಳ್ಳಗಾಗಿತ್ತು. ಆದರೆ ಓಡಿಸುವುದಷ್ಟೇ ಅವನ ಕೆಲಸ. ಇಂಜಿನ್ನಿನ ಗೋಳು ಕೇಳುವುದು ಮರುಳಸಿದ್ದಪ್ಪನ ಪಾಲು. ಫಿಲ್ಟರ್ ನೋಡಿದ, ಹೊಸದು. ಪೈಪಿನ ಜಾಯಿಂಟುಗಳನ್ನೆಲ್ಲ ಬೆರಳಲ್ಲಿ ಸವರಿದ, ಒಣಗಿದ್ದವು. ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದ. ದಾರದಂತೆ ಚಿಮ್ಮಬೇಕಾದ ಡೀಸೆಲ್ ತೊಟ್ಟು ತೊಟ್ಟಾಗಿ ತೊಟ್ಟಿಕ್ಕಿತು.

"ಪ್ರೆಶರ್ರೇ ಇಲ್ಲಕ್ಕ. ಟ್ಯಾಂಕ್ ತುಂಬಾ ಡೀಸೆಲ್ ಐತೆ, ಪಂಪಿಗೆ ಬರ್ತಾ ಇಲ್ಲ."

"ಪಂಪು ಹೋಗೈತೆ," ಮೂರ್ತಪ್ಪ ತೀರ್ಪು ಕೊಟ್ಟ.

"ಪಂಪು ಹೋಗಿದ್ರೆ ದುರ್ಗದ ಹತ್ರ ನಿಂತಿದ್ದು ಮತ್ತೆ ಹೆಂಗ್ ಸ್ಟಾರ್ಟ್ ಆಯ್ತು ಸಾವ್ಕಾರ್ರೆ? ಸ್ವಲ್ಪ ದೂರ ಓಡ್ತೈತೆ, ನಿಂತ್ಕಂತೈತೆ. ಸುಧಾರಿಸ್ಕಂಡು ಮತ್ತೆ ಹೊರಡ್ತೈತೆ." ತಾಜುದ್ದೀನ್ ಎಣ್ಣೆಗೈಯಲ್ಲೇ ಮೇಲೆ ನೋಡಿದ. "ಅಣ್ಣಾ, ಇಷ್ಟೊತ್ತಿಗೆ ನೀನು ನನ್ನ ವಂಶನೆಲ್ಲ ಜಾಲಾಡಿ, ಗಾಡೀನೂ ಸರಿ ಮಾಡಿರ್ತಿದ್ದೆ. ಒಂದು ಸಲ ಬೈಯೋ, ನಿಂಗೆ ಕೈ ಮುಗಿತೀನಿ."

ಮರುಳಸಿದ್ದಪ್ಪ ಕನ್ನಡಕದೊಳಗಿಂದ ಗುಡ್ಡದ ಮೇಲಿನ ಗಾಳಿಯಂತ್ರಗಳ ಕಡೆ ಮುಖ ಮಾಡಿಕೊಂಡಿದ್ದ.

ಚಂದ್ರಕ್ಕ ಮಾತ್ರ ಥಟ್ಟನೆ ತಿರುಗಿದಳು. ಸ್ವಲ್ಪ ದೂರ ಓಡ್ತೈತೆ, ಸುಧಾರಿಸ್ಕಂಡು ಮತ್ತೆ ಹೊರಡ್ತೈತೆ. ಈ ಮಾತನ್ನು ಅವಳು ಹಿಂದೆ ಒಮ್ಮೆ ಕೇಳಿದ್ದಳು.

*

ಮದುವೆಯಾದ ಹೊಸತು. ಹಿರಿಯೂರಿನ ಹೆದ್ದಾರಿ ಪಕ್ಕ ಹಳೇ ಲಾರಿ ಮಾರುವವನೊಬ್ಬ ಇದೇ ಲಾರಿ ತೋರಿಸಿ, ಇದೇ ಮಾತು ಹೇಳಿದ್ದ. ಮೂರು ಜನ ಮೆಕ್ಯಾನಿಕ್ಕುಗಳು ಪಂಪು ಬಿಚ್ಚಿ ಸೋತಿದ್ದರಂತೆ. ಮರುಳಸಿದ್ದಪ್ಪ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ರೌಂಡು ಹೊರಟ. ಬಬ್ಬೂರು ದಾಟುತ್ತಲೇ ಗಾಡಿ ನಿಂತಿತು. ಅವನು ಇಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಡೀಸೆಲ್ ಟ್ಯಾಂಕಿಗೆ ಕಿವಿ ಕೊಟ್ಟು ಮುಚ್ಚಳ ತಿರುಗಿಸಿದ. ಸುಯ್ಯ್ ಅಂತು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಇಲ್ಲಿ ನೋಡು ಚಂದ್ರಾ. ಮುಚ್ಚಳದಾಗೆ ಸಾಸಿವೆ ಕಾಳಿನಷ್ಟು ತೂತು ಐತೆ. ಹಳೇ ಓನರ್ರು ಆಯುಧಪೂಜೆ ದಿನ ವಿಭೂತಿ ಮೆತ್ತಿ ಅದನ್ನ ಮುಚ್ಚವ್ನೆ. ಡೀಸೆಲ್ ಖಾಲಿ ಆದಂಗೆಲ್ಲ ಒಳಗೆ ಗಾಳಿ ಹೋಗ್ಬೇಕು. ಹೋಗ್ಲಿಲ್ಲಾಂದ್ರೆ ಪಂಪು ಪಾಪ ಏನ್ ಎಳಿತೈತೆ? ಮೂಗು ಬಾಯಿ ಮುಚ್ಕಂಡು ನೀನು ಓಡ್ತೀಯಾ?"

ಲಾರಿ ಕೊಂಡ. ಮಾರಿದವನು ಮುಸಿಮುಸಿ ನಕ್ಕ. "ನನ್ನ ತಂಗಿ ಕೈಲಿ ತಳ್ಳಿಸೋಕೆ ತಗಂಡ್ಯಾ ಭಾವಾ?" ಅಂದ ಮೂರ್ತಪ್ಪ ಆವತ್ತಿನಿಂದ ಈವತ್ತಿನವರೆಗೆ ಆ ಲಾರಿ ಹತ್ತಿರಲಿಲ್ಲ. ಅಣ್ಣಂಗೆ ಗುಟ್ಟು ಹೇಳ್ರಿ ಅಂತ ಚಂದ್ರಕ್ಕ ಎಷ್ಟು ಸಲ ಹೇಳಿದರೂ ಮರುಳಸಿದ್ದಪ್ಪ ಬಾಯಿ ಬಿಡಲಿಲ್ಲ. "ಹೇಳಿದ್ರೆ 'ಇಷ್ಟೇನಾ?' ಅಂತಾನೆ ನಿಮ್ಮಣ್ಣ. ಬ್ಯಾಡ."

ಅಲ್ಲಿಂದ ಪ್ರತಿ ಆಯುಧಪೂಜೆಗೂ ಗಂಡ ಹೆಂಡಿರದ್ದು ಒಂದು ಆಟ. ಚಂದ್ರಕ್ಕ ಚಕ್ರಕ್ಕೆ, ಗಾಜಿಗೆ, ಸ್ಟೇರಿಂಗಿಗೆ ವಿಭೂತಿ ಎಳೆದು ಬಂದು, ಬೇಕಂತಲೇ ಟ್ಯಾಂಕಿನ ಮುಚ್ಚಳದ ಹತ್ತಿರ ಕೈ ಒಯ್ದು ನಿಲ್ಲಿಸುವಳು. ಅವನು ಬಚ್ಚಲಲ್ಲಿದ್ದರೂ ಸರಿ, ಅಲ್ಲಿಂದಲೇ ಕೂಗುವನು: "ಅಲ್ಲಿ ಬ್ಯಾಡ ಕಣೇ!" ಆ ಕೂಗು ಕೇಳಿದ ಮೇಲೇ ಅವಳಿಗೆ ಪೂಜೆ ಮುಗಿದಂತೆ.

*

ಚಂದ್ರಕ್ಕ ಟ್ಯಾಂಕಿನ ಮೇಲೆ ಇಳಿಬಿದ್ದಿದ್ದ ಚೆಂಡು ಹೂವಿನ ಸರ ಪಕ್ಕಕ್ಕೆ ಸರಿಸಿದಳು. ಮುಚ್ಚಳದ ಮೇಲೆ ಮೂರು ದಪ್ಪ ವಿಭೂತಿ ಪಟ್ಟೆ, ನಡುವೆ ಕುಂಕುಮ. ಬಿಸಿಲಿಗೆ ಗಾರೆಯಂತೆ ಒಣಗಿತ್ತು.

"ಯಾರು ಹಚ್ಚಿದ್ದು ಇದನ್ನ?" ಅಂದ ತಾಜುದ್ದೀನ್.

"ನಾನೇ ಕಣಪ್ಪ. ಬೆಳಿಗ್ಗೆ ಗಾಡಿಗೆಲ್ಲ ಹಚ್ಚಿದೆ. ಇಲ್ಲಿಗೆ ಬಂದು ಕೈ ಹಿಡ್ಕಂಡು ನಿಂತೆ, ಯಾವಾಗಲೂ ನಿಲ್ತಿದ್ದಂಗೆ." ಬೆಳಗಿನಿಂದ ಕಲ್ಲಿನಂತಿದ್ದ ಅವಳ ಕಣ್ಣಲ್ಲಿ ನೀರು ಸುರಿಯತೊಡಗಿತು. "ಬ್ಯಾಡ ಅನ್ನೋರು ಇರ್ಲಿಲ್ಲ ನೋಡು. ಕೈ ಹೋಗೇಬಿಡ್ತು."

ಸೆರಗಿನಿಂದ ಮೂಗು ಒರೆಸಿಕೊಂಡು ಮುಚ್ಚಳ ತಿರುಗಿಸಿದಳು. ಸುಯ್ಯ್ ಅಂತು. ಆ ಸದ್ದು ಕೇಳಿ ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು. ಒಣಗಿದ್ದ ವಿಭೂತಿಯನ್ನು ಉಗುರಿನಿಂದ ಕೆರೆದು ಅಂಗೈಗೆ ಹಾಕಿಕೊಂಡಳು. ಪಕ್ಕದ ಗಿಡದಿಂದ ಜಾಲಿ ಮುಳ್ಳೊಂದು ಮುರಿದು ತೂತಿಗೆ ಚುಚ್ಚಿ ಬಿಡಿಸಿದಳು. ತಾಜುದ್ದೀನ್ ಕೈಪಂಪು ಒತ್ತಿದ. ಡೀಸೆಲ್ ಚಿಮ್ಮಿ ಅವನ ಗಡ್ಡಕ್ಕೇ ಬಿತ್ತು.

"ಇಷ್ಟೇನಾ?" ಅಂದ ಮೂರ್ತಪ್ಪ.

ಚಂದ್ರಕ್ಕ ಲಾರಿಗೆ ಒರಗಿಕೊಂಡು ನಕ್ಕಳು. ನಗು ನಿಲ್ಲಲಿಲ್ಲ. ಯಾಕೆ ಅಂತ ಹೇಳಿದ ಮೇಲೆ ತಾಜುದ್ದೀನ್ ನಕ್ಕ, ಟೀ ಲೋಟ ಹಿಡಿದು ಬಂದ ಭಜನೆಯವರು ನಕ್ಕರು, ಕೊನೆಗೆ ಮೂರ್ತಪ್ಪನೂ ತಲೆ ಕೆರೆದುಕೊಂಡು ನಕ್ಕ. "ಇಷ್ಟು ವರ್ಷ ನನ್ನ ಆಟ ಆಡ್ಸಿದಾನಲ್ಲಪ್ಪ ಭಾವ!" ಲಾರಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ವ್ಯಾನಿನವನಿಗೆ ವಾಪಸ್ ಹೋಗು ಅಂತ ಕೈ ಬೀಸಿ, ಮೂರ್ತಪ್ಪ ಪಂಚೆ ಎತ್ತಿ ಕಟ್ಟಿ, ಮೊದಲ ಸಲ ಆ ಲಾರಿ ಹತ್ತಿದ. ಭಾವನ ಮುಖ ನೋಡಿ ಕೂಗಿದ.

"ಚಂದ್ರೀ, ಹಣೆ ಬರಿದಾಗೈತೆ. ವಿಭೂತಿ ತಾರೇ."

ಚಂದ್ರಕ್ಕ ಮೇಲೆ ಹತ್ತಿ ಬಂದು ಅಂಗೈ ಬಿಚ್ಚಿದಳು.

"ಅಯ್ಯೋ, ಅದು ಡೀಸೆಲ್ ನಾರ್ತೈತಲ್ಲೇ!"

"ನಾರ್ಲಿ ಬಿಡಣ್ಣ. ಇಲ್ಲಾಂದ್ರೆ ಊರೋರು ಗುರ್ತು ಹಿಡಿಯಲ್ಲ."

ಲಾರಿ ಹೊರಟಿತು. ಚಂದ್ರಕ್ಕ ಒಂದು ಕೈಯಲ್ಲಿ ವಿಮಾನದ ಬಿದಿರು ಹಿಡಿದುಕೊಂಡು, ಮೂರು ಬೆರಳನ್ನು ಗಂಡನ ಹಣೆಯ ಹತ್ತಿರ ಒಯ್ದಳು. ಬೆರಳು ರೂಢಿಯಂತೆ ಅಲ್ಲೇ ಒಂದು ಗಳಿಗೆ ನಿಂತಿತು. ಇಂಜಿನ್ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆಮೇಲೆ ಅವಳು ನಿಧಾನಕ್ಕೆ, ಈ ಕಿವಿಯಿಂದ ಆ ಕಿವಿಯವರೆಗೆ, ಮೂರೂ ಪಟ್ಟೆ ಎಳೆದಳು.