ನೀಲಕ್ಕನ ಲಾಡಿ

ನಾನೊಂದು ಲಾಡಿ. ನಗಬೇಡಿ. ಹುಬ್ಬಳ್ಳಿಯ ದುರ್ಗದ ಬೈಲಿನ ಅಂಗಡಿಯಲ್ಲಿ ಉಂಡೆಯಾಗಿ ಬಿದ್ದಿದ್ದಾಗ ನನ್ನ ಹಣೆಬರಹ ನನಗೆ ಗೊತ್ತೇ ಇತ್ತು: ಯಾರದೋ ಲಂಗದ ಸೊಂಟದೊಳಗೆ ಹೊಕ್ಕು, ದಿನಾ ಗಂಟು ಹಾಕಿಸಿಕೊಂಡು ಸವೆಯುವುದು. ಆದರೆ ನನ್ನನ್ನು ಒಂದೂವರೆ ಮೊಳ ಕತ್ತರಿಸಿಕೊಂಡವಳು ನೀಲಾಂಬಿಕಾ. ಎರಡೂ ತುದಿಗೆ ಬೆರಳು ಹಿಡಿಸುವಷ್ಟು ಕುಣಿಕೆ ಹಾಕಿ, "ಇಬ್ಬರ ಕೈಗೆ ಇಷ್ಟ ಸಾಕು" ಅಂದಳು.

ಓಣಿಗೆಲ್ಲ ಅವಳು ನೀಲಕ್ಕ. ವೆಬ್‌ಸೈಟ್ ಮಾಡುವುದು ಕಸುಬು, ಓಡುವುದು ಹುಚ್ಚು. ಕಾಲೇಜಿನ ದಿನಗಳಲ್ಲಿ ಗೆದ್ದ ಪದಕಗಳು ಅವಳ ಮೇಜಿನ ಮೇಲೆ ಗಾಳಿಗೆ ಗಲಗಲ ಅನ್ನುತ್ತಿದ್ದವು. ಓಣಿಗೆಂದು ಪುಕ್ಕಟೆ ಒಂದು ವೆಬ್‌ಸೈಟ್ ಮಾಡಿಟ್ಟಿದ್ದಳು: ನೀರು ಯಾವ ದಿನ, ರಕ್ತ ಯಾರು ಕೊಡುತ್ತಾರೆ, ಯಾರ ಎಮ್ಮೆ ತಪ್ಪಿಸಿಕೊಂಡಿದೆ, ಎಲ್ಲವೂ ಅದರಲ್ಲಿ. ಒಂದು ದಿನ ಆಚೆ ಓಣಿಯ ಕಸ್ತೂರಿ ಫೋನ್ ಮಾಡಿದಳಂತೆ. ಹುಟ್ಟಿನಿಂದ ಕಣ್ಣಿಲ್ಲದ ಹುಡುಗಿ. ಪರದೆಯ ಮೇಲಿನದನ್ನು ಅವಳಿಗೆ ಫೋನೇ ಓದಿ ಹೇಳಬೇಕು.

"ನಿಮ್ಮ ವೆಬ್‌ಸೈಟ್ ತಗದ್ರ ಬರೇ ಚಿತ್ರ, ಚಿತ್ರ, ಚಿತ್ರ ಅಂತ ಒದರತೈತ್ರಿ. ಏನ್ ಚಿತ್ರ ಅಂತ ನಾ ಕನಸ ಕಾಣ್ಬೇಕೇನ್ರಿ?"

ನೀಲಕ್ಕನಿಗೆ ನಾಚಿಕೆಯಾಗಿ ಅಂದೇ ಕೂತು ಪ್ರತಿಯೊಂದು ಚಿತ್ರದಲ್ಲೂ ಏನಿದೆಯೆಂದು ಮಾತಿನಲ್ಲಿ ಬರೆದಳು. ಆಮೇಲೆ ಕಸ್ತೂರಿಯ ಮನೆಗೇ ಹೋಗಿ, ಇನ್ನೇನಾದರೂ ಬೇಕೇನು ಎಂದು ಕೇಳಿದಳು. "ಓಡಬೇಕ್ರಿ," ಅಂದಳು ಕಸ್ತೂರಿ. "ಗ್ವಾಡಿಗೆ ಬಡೀದಂಗ ಒಮ್ಮೆ ಓಡಬೇಕು." ಅದಕ್ಕಾಗಿಯೇ ನನ್ನನ್ನು ಕೊಂಡದ್ದು.

ಮೂರು ವರ್ಷ ಓಡಿದೆವು. ಒಂದು ಕುಣಿಕೆ ಕಸ್ತೂರಿಯ ಬೆರಳಿಗೆ, ಇನ್ನೊಂದು ನೀಲಕ್ಕನ ಬೆರಳಿಗೆ, ನಡುವೆ ನಾನು. "ಎಡಕ್ಕ ತಗ್ಗು, ಮುಂದ ಕಲ್ಲು," ಎಂದು ನೀಲಕ್ಕ ಹೇಳುತ್ತಲೇ ಇರುವಳು. ಮೊದಲ ದಿನವೇ ಒಂದು ಮಾತು ಕಲಿಸಿದ್ದಳು: "ಬಾಜೂಕ ಓಡಾಕಿ ಜಗ್ಗಬಾರದು. ಓಡಾಕಿ ನೀನು. ನಾ ಬರೇ ಜೋಡಿ." ಮೈದಾನ ಸುತ್ತಿದ ಮೇಲೆ ದೊಡ್ಡ ರಸ್ತೆ ದಾಟಿ ನೀಲಕ್ಕನ ಮನೆ. ಅಲ್ಲಿ ಚಹಾ, ಚುರುಮುರಿ, ಇಬ್ಬರ ಹರಟೆ. ಅಯ್ಯೋ, ಎಷ್ಟು ಸುಖವಾಗಿದ್ದೆ!

ಒಂದು ಮಧ್ಯಾಹ್ನ ನೀಲಕ್ಕ ಕಂಪ್ಯೂಟರಿನ ಮುಂದೆ ಕೂತಿದ್ದಳು. ಯೋಚಿಸುವಾಗ ನನ್ನನ್ನು ಬೆರಳಿಗೆ ಸುತ್ತಿ ಬಿಚ್ಚುವುದು ಅವಳ ಚಾಳಿ. ಎರಡು ಸುತ್ತು ಬಂತು, ಮೂರನೆಯದು ಬರಲಿಲ್ಲ. ಹೃದಯ ನಿಂತಿತಂತೆ, ಮೂವತ್ತೆಂಟನೆಯ ವಯಸ್ಸಿಗೆ. ಅವಳ ತಾಯಿ ಶಿವಗಂಗವ್ವ ಚಹಾ ತರುವ ಹೊತ್ತಿಗೆ ಆ ಬೆರಳು ತಣ್ಣಗಾಗಿತ್ತು. ನನ್ನ ನೂಲಿಗೆ ಇಳಿದ ಆ ಥಂಡಿ ಎಷ್ಟು ತೊಳೆದರೂ ಹೋಗಿಲ್ಲ.

"ಇದು ನಿನ್ನ ಕಡೆ ಇರ್ಲಿ ಯವ್ವಾ," ಎಂದು ಶಿವಗಂಗವ್ವ ನನ್ನನ್ನು ಕಸ್ತೂರಿಗೆ ಕೊಟ್ಟಳು. ಹುಡುಗಿ ಓಡುವುದನ್ನೇ ಬಿಟ್ಟಳು. ಎರಡು ತಿಂಗಳು ದಿಂಬಿನ ಕೆಳಗೆ ಅವಳ ಕಣ್ಣೀರು ಕುಡಿದುಕೊಂಡು ಬಿದ್ದಿದ್ದೆ.

ಒಂದು ಬೆಳಿಗ್ಗೆ ಅವಳಿಗೆ ತಡೆಯಲಾಗಲಿಲ್ಲ. ನನ್ನ ಒಂದು ಕುಣಿಕೆಗೆ ಬೆರಳು ಹಾಕಿ ಒಬ್ಬಳೇ ಮೈದಾನಕ್ಕೆ ಬಂದಳು. ಗಾಳಿ ಇರಲಿಲ್ಲ. ನನ್ನ ಖಾಲಿ ಕುಣಿಕೆ ಜೋತು ಬೀಳಬೇಕಿತ್ತು, ಬೀಳಲಿಲ್ಲ. ನೀಲಕ್ಕನ ಕೈ ಇರುತ್ತಿದ್ದ ಎತ್ತರಕ್ಕೆ ಎದ್ದು ಬಿಗಿಯಾಗಿ ನಿಂತಿತು. ಹತ್ತಿರದಲ್ಲಿ ಬೊಗಳುತ್ತಿದ್ದ ನಾಯಿ ಕುಂಯ್ ಎಂದು ದೂರ ಓಡಿತು.

"ನೀಲಕ್ಕಾ, ಬಂದಿಯೇನ?" ಅಂದಳು ಕಸ್ತೂರಿ. ಓಡಿಯೇಬಿಟ್ಟಳು, ನಗುತ್ತ, ಅಳುತ್ತ. ಎಂಟು ದಿನ ಹಾಗೇ ಓಡಿದಳು. ಯಾರಿಗೂ ಹೇಳಲಿಲ್ಲ.

ಒಂಬತ್ತನೆಯ ದಿನ ಕುಣಿಕೆ ಮೈದಾನದ ಹೊರಗೆ ತಿರುಗಿತು. ಬರಬರುತ್ತ ಜೋರಾಗಿ ಎಳೆಯಿತು. ಕಸ್ತೂರಿಯ ಕಾಲಿಗೆ ಮಣ್ಣು ಮುಗಿದು ಡಾಂಬರು ತಾಗಿತು. ಬಲಗಡೆಯಿಂದ ಲಾರಿಯ ಸದ್ದು. ಅವಳು ಗಕ್ಕನೆ ನಿಂತಳು.

"ನೀಲಕ್ಕ ಜಗ್ಗಾಕಿ ಅಲ್ಲ," ಅಂದಳು. "ನೀ ಯಾರು?"

ಬೆರಳಿನಿಂದ ನನ್ನನ್ನು ಕಿತ್ತೆಸೆದು ಹಿಂದಕ್ಕೆ ಬಿದ್ದಳು. ಅದೇ ಗಳಿಗೆಗೆ ಲಾರಿ ಹಾದುಹೋಯಿತು. ಅದರ ಗಾಳಿಗೆ ನಾನು ಗಟಾರದ ಅಂಚಿಗೆ ಹಾರಿ ಬಿದ್ದೆ.

ಅವಳಿಗೆ ಕೊಡಲಾಗದ ಉತ್ತರವನ್ನು ನಿಮಗೆ ಕೊಡುತ್ತೇನೆ. ಆ ಕುಣಿಕೆಯಲ್ಲಿ ಯಾರ ಕೈಯೂ ಇರಲಿಲ್ಲ. ಬಿಗಿದು ನಿಂತದ್ದು ನಾನು, ಎಳೆದದ್ದೂ ನಾನೇ. ರಸ್ತೆ ದಾಟಿದರೆ ಆ ಮನೆಯಲ್ಲಿ ನೀಲಕ್ಕ ಚಹಾಕ್ಕೆ ಕಾದಿರುತ್ತಾಳೆ ಅಂದುಕೊಂಡೆ. ಎಡಬಲ ನೋಡಿ ದಾಟಿಸುತ್ತಿದ್ದವಳು ಅವಳು, ನನಗೆಲ್ಲಿಯ ಕಣ್ಣು? ಕಣ್ಣಿಲ್ಲದ ಹುಡುಗಿಯನ್ನು ಕಣ್ಣಿಲ್ಲದ ನಾನು ಎಳೆದುಕೊಂಡು ಹೊರಟಿದ್ದೆ. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕಸ್ತೂರಿ ಮಾತ್ರ ಊರಿಗೆಲ್ಲ ಬೇರೆಯೇ ಹೇಳಿದಳು: "ಏನೋ ಜಗ್ಗಿತ್ತು, ನಮ್ಮ ನೀಲಕ್ಕ ನನ್ನ ನಿಲ್ಲಿಸಿ ಉಳಿಸಿದಳು." ಶಿವಗಂಗವ್ವ ಅದನ್ನು ಕೇಳಿ ಅತ್ತಳು. ಗಟಾರದ ಅಂಚಿನಿಂದ ನನ್ನನ್ನು ಹೆಕ್ಕಿ ತರಿಸಿ, ತೊಳೆದು, ವಿಭೂತಿ ಹಚ್ಚಿ, ಮಗಳ ಫೋಟೋದ ಪಕ್ಕದ ಮೊಳೆಗೆ ತೂಗುಹಾಕಿದಳು. ಈಗ ದಿನಾ ನನಗೆ ಹೂವು, ಊದಿನಕಡ್ಡಿ.

ಕಸ್ತೂರಿ ಈಗ ಶಾಲೆಯ ಪಿ.ಟಿ. ಟೀಚರ್ ಜೊತೆ ಬೇರೊಂದು ಲಾಡಿ ಹಿಡಿದು ಓಡುತ್ತಾಳೆ. ಪ್ರತಿ ಸೋಮವಾರ ಇಲ್ಲಿಗೆ ಬಂದು ಗೋಡೆ ತಡಕಿ ನನ್ನನ್ನು ಹುಡುಕುತ್ತಾಳೆ, ಕಣ್ಣಿಗೊತ್ತಿಕೊಳ್ಳುತ್ತಾಳೆ.

ಈ ಮನೆಗಾಗಿಯೇ ನಾನು ಅಷ್ಟು ಎಳೆದದ್ದು. ಬಂದ ಮೇಲೆ ತಿಳಿಯಿತು, ನೀಲಕ್ಕ ಇಲ್ಲಿಲ್ಲ. ಎಲ್ಲಿದ್ದಾಳೆಂದು ಮೆಲ್ಲಗೆ ಗೊತ್ತಾಗುತ್ತಿದೆ: ಬದುಕಿದ್ದವರು ಹೋಗಬಾರದ ಕಡೆ. ಕಸ್ತೂರಿಯ ಬಿಸಿ ಬೆರಳು ತಾಗಿದೊಡನೆ ನನ್ನ ಎಳೆಗಳು ಅತ್ತ ತಿರುಗುತ್ತವೆ. ನಾನು ಮೊಳೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಮುಟ್ಟು ತಾಯಿ, ಕಣ್ಣಿಗೊತ್ತಿಕೋ. ಕುಣಿಕೆಯೊಳಗೆ ಮಾತ್ರ ಬೆರಳು ಹಾಕಬೇಡ.